ಸಮಸ್ಯಾಪೂರಣ: ಮಳೆಗಾಲದೊಳಜ್ಜಿ ಬಿಸಿಲ ಬಡಿಸಿದಳಲ್ಲಾ

ಉಡುಪಿಯಿಂದ:
ಆಟಿಯ (ತುಳುವರ ಮಳೆಗಾಲದ ತಿಂಗಳು) ಮಳೆ ಬಿಟ್ಟೂಬಿಡದೆ ಹೊಯ್ಯುತ್ತಿದೆ. ಈ ವಾರದ ಸಮಸ್ಯೆಯೂ ಅದಕ್ಕೆ ತಕ್ಕದ್ದೇ. ಕಂದಪದ್ಯದ ಕೊನೆಯ ಪಾದ ಇದು, ಮೊದಲ ಮೂರು ಪಾದ ಕಟ್ಟಿ ನೀವು ಪೂರಿಸಬೇಕು:

ಮಳೆಗಾಲದೊಳಜ್ಜಿ ಬಿಸಿಲ ಬಡಿಸಿದಳಲ್ಲಾ

ಹೊಸಬರಿಗಾಗಿ: ಒಂದು ಮತ್ತು ಮೂರನೇ ಪಾದಕ್ಕೆ 12 ಮಾತ್ರೆ, ಎರಡು ಮತ್ತು ನಾಲ್ಕಕ್ಕೆ 20. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು, ನಾಲ್ಕು ಮಾತ್ರೆಗೊಂದು ಗಣ. ಆದಿಪ್ರಾಸ (ಪ್ರತಿ ಪಾದದ ಎರಡನೇ ಅಕ್ಷರದ ವ್ಯಂಜನ) ‘ಳ’, ಅದರ ಹಿಂದಿನ ಅಕ್ಷರ ಲಘು. ಪದ್ಯದ ಎರಡೂ ಅರ್ಧಗಳಲ್ಲಿ ಆರನೇ ಗಣ ಜಗಣ (ಲಘು-ಗುರು-ಲಘು) ಇಲ್ಲವೇ ಸರ್ವಲಘು (ನಾಲ್ಕೂ ಲಘು). ಇಲ್ಲಿ ‘ಜ್ಜಿ ಬಿಸಿಲ’ ಸರ್ವಲಘು, ‘ಜ್ಜಿ’ ಆದ ಮೇಲೆ ಯತಿ, ಅಂದರೆ ಓದಿನ ನಿಲುಗಡೆ. ಬೆಸಸಂಖ್ಯೆಯ ಗಣಗಳಲ್ಲಿ ಜಗಣ ಬೇಡ. ಅಜ್ಜಿ ಬಡಿಸಿದ ಬಿಸಿಲು ಯಾವುದೆಂದು ನೀವು ಹೇಳಬೇಕು. ಕಲ್ಪನೆ ಎಷ್ಟು ದೂರ ಹೋದರೂ ಸರಿ, ಅಡುಗೆಮನೆಯಲ್ಲಿ ಕಣ್ಣಾರೆ ಕಂಡದ್ದು ಪದ್ಯಕ್ಕೆ ಬಂದರೆ ನನಗೆ ಹೆಚ್ಚು ಸಂತೋಷ.

ಬ್ರಹ್ಮಾವರದಿಂದ:

ಸೊಳೆ ಬೇಯಿಸಿ ಕುಟ್ಟಿದ ಬಳಿ-
ಕೆಳೆಯರ ಕಾವಲೊಳು ಚಾಪೆಯಲೊಣಗಿಸಿಟ್ಟಾ
ಹಳದಿಯ ಹಪ್ಪಳ ಕರಿಯುತ
ಮಳೆಗಾಲದೊಳಜ್ಜಿ ಬಿಸಿಲ ಬಡಿಸಿದಳಲ್ಲಾ

ಸೊಳೆ ಎಂದರೆ ಹಲಸಿನ ತೊಳೆ. ಆ ಎಳೆಯರಲ್ಲಿ ನಾನೂ ಒಬ್ಬ. ವೈಶಾಖದ ಬಿಸಿಲಲ್ಲಿ ಕೋಲು ಹಿಡಿದು ಕಾಗೆ ಓಡಿಸುವುದು ನಮ್ಮ ಕೆಲಸ. ಅಂಚು ಒಣಗಿ ನಡು ಇನ್ನೂ ಹಸಿ ಇರುವ ಹಪ್ಪಳದ ರುಚಿ ಕರಿದದ್ದಕ್ಕೂ ಇಲ್ಲ. ಅಜ್ಜಿಗೆ ಗೊತ್ತಿತ್ತು, ನಮ್ಮ ಪಾಲೆಂದೇ ನಾಲ್ಕು ಹೆಚ್ಚು ಒತ್ತುತ್ತಿದ್ದಳು. ಉಳಿದದ್ದೆಲ್ಲ ಡಬ್ಬಿ ಸೇರಿ ಅಟ್ಟ ಹತ್ತುತ್ತಿತ್ತು. ಮತ್ತೆ ಅದು ಇಳಿಯುವುದು ಆಟಿಯಲ್ಲೇ, ಗಂಜಿಯ ಜೊತೆಗೆ.

ಕದ್ರಿಯಿಂದ:
ಅಣ್ಣಾ, ‘ಎಳೆಯರ ಕಾವಲೊಳು’ ಓದಿ ನಮ್ಮ ಅಂಗಳವೇ ಕಣ್ಣ ಮುಂದೆ ಬಂತು. ನನ್ನದು ಮಾಂಬಳ, ಬಿಸಿಲಲ್ಲಿ ಒಣಗಿಸಿದ ಮಾವಿನ ರಸ:

ಬಳಿದಳು ಮಾವಿನ ರಸವನು
ಬೆಳಗಾದರೆ ಮತ್ತೆ ಪದರ ಪದರದ ಮೇಲೇ
ಎಳೆದೆಳೆದು ಜಗಿವ ಮಾಂಬಳ
ಮಳೆಗಾಲದೊಳಜ್ಜಿ ಬಿಸಿಲ ಬಡಿಸಿದಳಲ್ಲಾ

ಉಡುಪಿಯಿಂದ:
‘ಪದರ ಪದರದ ಮೇಲೇ’ ಎನ್ನುವಾಗ ಮಾತೂ ಪದರ ಕಟ್ಟುತ್ತದೆ. ನಿನ್ನೆಯದು ಒಣಗದೆ ಇಂದಿನದು ಬಳಿದರೆ ಮಾಂಬಳ ಕೆಡುತ್ತದೆ, ಆ ತಾಳ್ಮೆಯೂ ಪದ್ಯದಲ್ಲಿದೆ. ಬಹಳ ಚೆಂದ.

ಕಟಪಾಡಿಯಿಂದ:

ಚಳಿಯಲಿ ನಡುಗುತ ಬಂದರೆ
ಹಳೆ ಸೀರೆಯ ಸೆರಗಿನಿಂದ ತಲೆಯನ್ನೊರೆಸೀ
ತಿಳಿಗಂಜಿಗೆ ತುಪ್ಪವೆರೆದು
ಮಳೆಗಾಲದೊಳಜ್ಜಿ ಬಿಸಿಲ ಬಡಿಸಿದಳಲ್ಲಾ

ಕದ್ರಿಯಿಂದ:
ಎರಡನೇ ಪಾದ ಓದಿ ಕಣ್ಣು ತುಂಬಿತು ಅಕ್ಕಾ. ‘ಗಿನಿಂದ’ ಜಗಣವಾಗಿ ಸಲೀಸಾಗಿ ಕೂತಿದೆ, ‘ಸೆರಗಲ್ಲಿ’ ಎಂದಿದ್ದರೆ ಕುಂಟುತ್ತಿತ್ತು. ಆದರೂ ಒಂದು ಪ್ರಶ್ನೆ. ಹಪ್ಪಳದಲ್ಲಿ, ಮಾಂಬಳದಲ್ಲಿ ಬಿಸಿಲು ನಿಜಕ್ಕೂ ಇದೆ. ಗಂಜಿಯಲ್ಲಿ ಇರುವುದು ಬೆಚ್ಚಗಿನ ಪ್ರೀತಿ ಮಾತ್ರವಲ್ಲವೇ?

ಕಟಪಾಡಿಯಿಂದ:
ಗಂಜಿ ಯಾವ ಅಕ್ಕಿಯದು ಮಾರಾಯ್ರೇ? ಕುಚ್ಚಲಕ್ಕಿಯದು! ಭತ್ತವನ್ನು ಹಂಡೆಯಲ್ಲಿ ಬೇಯಿಸಿ, ಸೆಗಣಿ ಸಾರಿಸಿದ ಅಂಗಳದಲ್ಲಿ ಹರವಿ, ಕಾಲಲ್ಲೇ ಗೆರೆ ಎಳೆದು ತಿರುವುತ್ತಾ ಒಣಗಿಸಿದ ಮೇಲಲ್ಲವೇ ಅದು ಅಕ್ಕಿಯಾಗುವುದು? ನಮ್ಮಜ್ಜಿ ಒಂದು ಕಾಳು ಬಾಯಿಗೆ ಹಾಕಿ ಕಚ್ಚಿ, ಆ ಸದ್ದಿನಲ್ಲೇ ಒಣಗಿತೋ ಇಲ್ಲವೋ ಹೇಳುತ್ತಿದ್ದಳು. ನಮ್ಮ ಗಂಜಿಯ ಅಗುಳು ಅಗುಳಿನಲ್ಲೂ ಅಂಗಳದ ಬಿಸಿಲಿದೆ.

ಉಡುಪಿಯಿಂದ:
ಈ ಉತ್ತರಕ್ಕೆ ನಾನು ಸೋತೆ! ಹಪ್ಪಳ ಎಲ್ಲರಿಗೂ ಮೊದಲು ಹೊಳೆಯುವ ಪರಿಹಾರ. ದಿನಾ ಉಣ್ಣುವ ಗಂಜಿಯಲ್ಲಿ ಬಿಸಿಲನ್ನು ಕಂಡದ್ದು ದೊಡ್ಡದು. ಹಾಗಾಗಿ ಈ ಸಲ ನನ್ನ ಮೆಚ್ಚುಗೆ ಕಟಪಾಡಿಯ ಅಕ್ಕನಿಗೆ. ಬಿಸಿಲೇ ಬೇಡದ ಇನ್ನೊಂದು ದಾರಿ ನನಗೆ ತೋಚಿತು, ಆಟಿ ಅಮಾವಾಸ್ಯೆಯಂದು ಹಾಲೆ ಮರದ ತೊಗಟೆಯಿಂದ ಮಾಡುವ ಉಷ್ಣದ ಕಷಾಯ:

ಒಳಗಿನ ಥಂಡಿಯ ಕಳೆಯಲು
ಬೆಳಗಾಗುವ ಮುನ್ನ ಹಾಲೆ ತೊಗಟೆಯ ತರಿಸೀ
ಪಳಗಿದ ಕೈಯ ಕಷಾಯದಿ
ಮಳೆಗಾಲದೊಳಜ್ಜಿ ಬಿಸಿಲ ಬಡಿಸಿದಳಲ್ಲಾ

‘ಪಳಗಿದ’ ಎಂದದ್ದು ಬೇಕೆಂದೇ. ಮರದ ಗುರುತಿಲ್ಲದವರು ಆ ತೊಗಟೆ ತರಲೇಬಾರದು. ಕೆಂಡದಲ್ಲಿ ಕಾಯಿಸಿದ ಬಿಳಿ ಕಲ್ಲನ್ನು ಅಜ್ಜಿ ಕಷಾಯಕ್ಕೆ ಬಿಟ್ಟಾಗ ಚುಂಯ್ ಎಂದು ಹಬೆ ಏಳುತ್ತಿತ್ತು. ಕಹಿಗೆ ಮುಖ ಕಿವುಚಿದವರಿಗೆ ಆಮೇಲೆ ಮೆಂತೆ ಗಂಜಿ.

ಬ್ರಹ್ಮಾವರದಿಂದ:
ಮೆಂತೆ ಗಂಜಿಯ ಆಸೆಗೇ ನಾವು ಕಷಾಯ ಕುಡಿದದ್ದು. ಮುಂದಿನ ಸಮಸ್ಯೆ ನಾನು ಕೊಡುತ್ತೇನೆ. ಉಪ್ಪು ಸೊಳೆ, ಮಿಡಿ ಉಪ್ಪಿನಕಾಯಿಯ ಭರಣಿಗಳನ್ನು ನೆನೆಸಿಕೊಂಡು ಪೂರಿಸಿ. ಪ್ರಾಸ ‘ಪ್ಪ’, ಮೊದಲಕ್ಷರ ಗುರು:

ಉಪ್ಪೇ ಸಿಹಿಯಾಯಿತಜ್ಜಿಯಡುಗೆಯ ಮನೆಯೊಳ್