ಅಂಜುದೀವಿನ ಎದುರಿದ್ದ ಮನೆ

ಮಕ್ಕಳಿಗೆ ಮನೆಯ ಹಳೆಯ ಕತೆಗಳನ್ನು ಹೇಗೆ ದಾಟಿಸುವುದೆಂದು ನಮ್ಮ ಕೂಟದಲ್ಲಿ ಕೇಳಿದವರಿಗಾಗಿ ನನ್ನ ಅನುಭವವನ್ನು ಬರೆಯುತ್ತಿದ್ದೇನೆ. ಇಲ್ಲಿ ಮೆಲ್ಬರ್ನ್‌ನಲ್ಲಿ ಯುದ್ಧಗಳಲ್ಲಿ ಹೋರಾಡಿದ, ಮಡಿದ ಸೈನಿಕರನ್ನು ನೆನೆಯುವ ಏಪ್ರಿಲ್ 25ರ ಆನ್ಜಾಕ್ ದಿನ ಬಂತೆಂದರೆ ಮಗಳ ತರಗತಿಯ ಮಕ್ಕಳು ತಮ್ಮ ಮುತ್ತಜ್ಜಂದಿರ ಪದಕಗಳ ಕತೆ ಹೇಳುತ್ತಾರೆ. ನಮ್ಮ ಮನೆಯಲ್ಲಿ ಯುದ್ಧ ಕಂಡವರು ಯಾರೂ ಇಲ್ಲವೆಂದು ನಾನೇ ಅವಳಿಗೆ ಹೇಳಿದ್ದೆ. ಅದು ತಪ್ಪು.

ನನ್ನ ಅಪ್ಪ ಹುಟ್ಟಿದ್ದು ಕಾರವಾರದ ಬಳಿಯ ಅರ್ಗಾದ ಮೀನುಗಾರರ ಕೇರಿಯಲ್ಲಿ. ಹತ್ತಿರದ ಅಂಜುದೀವ್ ನಡುಗಡ್ಡೆ ಆಗ ಪೋರ್ಚುಗೀಸರ ವಶದಲ್ಲಿತ್ತು. 1961ರ ನವೆಂಬರ್‌ನಲ್ಲಿ ಅಲ್ಲಿನ ಸೈನಿಕರು ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆಯೂ ಮೀನುದೋಣಿಯ ಮೇಲೆಯೂ ಗುಂಡು ಹಾರಿಸಿದರು. ಡಿಸೆಂಬರ್ 18ರಂದು ನಮ್ಮ ನೌಕಾಪಡೆ ‘ಮೈಸೂರು’ ಮತ್ತು ‘ತ್ರಿಶೂಲ್’ ಹಡಗುಗಳೊಂದಿಗೆ ಕಾರ್ಯಾಚರಣೆಗಿಳಿದು ನಡುಗಡ್ಡೆಯನ್ನು ವಶಪಡಿಸಿಕೊಳ್ಳುವಾಗ ಏಳು ನಾವಿಕರು ಪ್ರಾಣ ಕೊಟ್ಟರು. ಇಷ್ಟನ್ನು ನಾನು ಓದಿದ್ದರೂ, ಆಗ ಅಪ್ಪನಿಗೆ ಒಂಬತ್ತು ವರ್ಷವೆಂಬ ಲೆಕ್ಕವನ್ನು ಮಾತ್ರ ಹಾಕಿರಲಿಲ್ಲ.

ವಿಡಿಯೋ ಕರೆಯಲ್ಲಿ ಕೇಳಿದಾಗಲೆಲ್ಲ ಅವರು ಮಾತು ತೇಲಿಸುತ್ತಿದ್ದರು. ಕಳೆದ ರಜೆಯಲ್ಲಿ ಊರಿಗೆ ಹೋದಾಗ, ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ‘ಚಾಪಲ್’ ಯುದ್ಧನೌಕೆಯ ತೋಪನ್ನು ಮುಟ್ಟಿ ನೋಡುತ್ತಿದ್ದ ಮಗಳು, “ಅಜ್ಜ, ಇಂಥದ್ದರ ಸದ್ದು ಕೇಳಿದ್ದೀರಾ?” ಎಂದಳು. “ಕೇಳಿದ್ದೆ ತಂಗಿ” ಎಂದವರು ಅಲ್ಲಿಂದ ಬಿಣಗಾ ದಡದವರೆಗೂ ಮಾತು ನಿಲ್ಲಿಸಲಿಲ್ಲ. ದೋಣಿಗೆ ಗುಂಡು ಬಿದ್ದ ಸುದ್ದಿ ಬಂದ ಮೇಲೆ ನನ್ನ ಅಜ್ಜ ಹಲವು ದಿನ ಕಡಲಿಗಿಳಿಯಲಿಲ್ಲವಂತೆ. ಗಂಜಿಯ ಜೊತೆಗಿದ್ದ ಒಣಮೀನೂ ಮುಗಿದು ಉಪ್ಪು, ಮೆಣಸಷ್ಟೇ ಉಳಿದಿತ್ತಂತೆ. ತೋಪು ಸಿಡಿದ ಬೆಳಿಗ್ಗೆ ಅಟ್ಟದ ಮಡಕೆಗಳು ನಡುಗಿದಾಗಲೂ ತನಗೆ ಭಯಕ್ಕಿಂತ ಹಸಿವೇ ಹೆಚ್ಚಾಗಿತ್ತೆಂದು ಅವರು ಹೇಳಿದರು. ಇದನ್ನು ನನ್ನ ಆಯಿಗೂ ಅವರು ಹೇಳಿರಲಿಲ್ಲ.

ಅಲ್ಲಿ ನಾನು ಅನುವಾದಕ್ಕೆ ನಿಲ್ಲಬೇಕಾಗಲಿಲ್ಲ. ಪ್ರತಿ ಶನಿವಾರ ಅಳುತ್ತಲೇ ಕನ್ನಡ ತರಗತಿಗೆ ಹೋಗುತ್ತಿದ್ದ ಮಗಳನ್ನು ಬಿಡಿಸಿಬಿಡೋಣವೆಂದು ಎರಡು ಬಾರಿ ಯೋಚಿಸಿದ್ದೆ. ಹಾಗೆ ಮಾಡಿದ್ದರೆ ಆ ಹಸಿವಿನ ಮಾತು ನನ್ನ ಬಾಯಿಂದ ಸೊರಗಿ ಅವಳನ್ನು ತಲುಪುತ್ತಿತ್ತು. ಆದ್ದರಿಂದ ಹಿರಿಯರನ್ನು ಆ ಜಾಗಕ್ಕೇ ಕರೆದೊಯ್ದು, ಪ್ರಶ್ನೆಯನ್ನು ಮಕ್ಕಳಿಗೇ ಬಿಡಿ ಎಂಬುದು ನನ್ನ ವಿನಂತಿ.

ಮನೆಯನ್ನು ಮಾತ್ರ ತೋರಿಸಲಾಗಲಿಲ್ಲ. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆಗಾಗಿ ನಮ್ಮ ಕೇರಿ ತೆರವಾಯಿತು, ನಡುಗಡ್ಡೆಗೂ ಪ್ರವೇಶವಿಲ್ಲ. ಮಗಳು ಮರಳಿನ ಮೇಲೆ ದಡದ ಗೆರೆ ಎಳೆದಳು. ಅಪ್ಪ ಬಗ್ಗಿ, ತೆಂಗಿನ ಗರಿಯ ಕಡ್ಡಿಯಿಂದ ಮೊದಲು ಬಾವಿಯನ್ನು, ಆಮೇಲೆ ಅಡುಗೆಮನೆಯನ್ನು ಗುರುತು ಮಾಡಿದರು.