ಸಹಾಯ ಬೇಕು: ಅಪ್ಪನ ಮುದ್ದೆಗೆ ಬದಲಾಗಿ ಏನು ಕೊಡುವುದು?

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 74, ಅಮ್ಮನಿಗೆ 68. ಇಬ್ಬರೂ ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿದ್ದಾರೆ. ಅಪ್ಪನಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಈಚಿನ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) 7.9. ಯಾರೋ ಹೇಳಿದರೆಂದು ಅನ್ನ ಪೂರ್ತಿ ಬಿಟ್ಟು, ಎರಡು ಹೊತ್ತೂ ದೊಡ್ಡ ಮುದ್ದೆ ನುಂಗುತ್ತಾರೆ. ‘ರಾಗಿ ಅಲ್ಲವೇನಪ್ಪಾ, ಸಕ್ಕರೆ ಎಲ್ಲಿಂದ ಬರುತ್ತದೆ?’ ಎಂಬುದು ಅವರ ವಾದ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಚೆನ್ನಾಗಿದೆ, ಒಪ್ಪೋಣ. ಆದರೆ 100 ಗ್ರಾಂ ಹಿಟ್ಟಿನಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ ಅಷ್ಟೇ, ಉಳಿದದ್ದು ಬಹುಪಾಲು ಪಿಷ್ಟ, ಅದು ಮೈಯೊಳಗೆ ಸಕ್ಕರೆಯೇ ಆಗುತ್ತದೆ.

ನನಗೆ ಸಕ್ಕರೆಗಿಂತ ಅವರ ತೋಳು ನೋಡಿ ಗಾಬರಿ. ಪ್ರೋಟೀನ್ ಸಾಲದೆ ಸ್ನಾಯು ಕರಗುತ್ತಿದೆಯೇನೋ ಅನಿಸುತ್ತದೆ: ಅಂಗಿಯ ತೋಳು ಜೋಲುತ್ತಿದೆ, ಜಗಲಿಯಿಂದ ಏಳುವಾಗ ಕಂಬ ಹಿಡಿಯುತ್ತಾರೆ. ಹಲ್ಲಿಲ್ಲದ ಕಾರಣ ಬಸ್ಸಾರಿನ ಕಾಳನ್ನೆಲ್ಲ ತಟ್ಟೆಯ ಅಂಚಿಗೆ ತಳ್ಳಿ, ಬರೀ ಸಾರು ಸುರಿದುಕೊಳ್ಳುತ್ತಾರೆ. ಮೊಟ್ಟೆ, ಮಾಂಸ ಮುಟ್ಟುವುದಿಲ್ಲ.

ಅಪ್ಪ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯ ಜೊತೆ, ಸಕ್ಕರೆಯನ್ನು ತೀರಾ ಇಳಿಸಿಬಿಡಬಹುದಾದ ಗ್ಲಿಮೆಪಿರೈಡ್ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ. ರಾತ್ರಿ ಮುದ್ದೆ ದಿಢೀರ್ ಕಡಿಮೆ ಮಾಡಿದರೆ ಸಕ್ಕರೆ ಕುಸಿಯಬಹುದು. ಹಾಗಾಗಿ ವೈದ್ಯರನ್ನು ಕೇಳಿಯೇ ಬದಲಿಸುತ್ತೇವೆ. ಅಗಿಯದೆ ತಿನ್ನಬಹುದಾದ, ಹಳ್ಳಿಯ ಅಡುಗೆಮನೆಯಲ್ಲೇ ಆಗುವ ಕಾಳು, ಮೊಸರಿನ ಅಡುಗೆ ಯಾವುದಿದೆ? ಹುರುಳಿಕಟ್ಟು ಬಿಟ್ಟು ಹೇಳಿ, ಅದರಲ್ಲಿ ಕಾಳೇ ಇರುವುದಿಲ್ಲ. ಹಾಸನದಲ್ಲಿ ವಯಸ್ಸಾದವರನ್ನು ತಾಳ್ಮೆಯಿಂದ ನೋಡುವ ಆಹಾರತಜ್ಞರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.