ಶೆಡ್ಡಿನಲ್ಲಿರುವ ಅಜ್ಜನ ಮೂತಿ ಲಾರಿ ಯಾವುದು ಅಂತ ಯಾರಾದರೂ ಹೇಳ್ತೀರಾ?

ಹೊಸನಗರದವ:
ಎಲ್ಲರಿಗೂ ನಮಸ್ಕಾರ. ಮನೆ ಹಿಂದಿನ ಶೆಡ್ಡಿನಲ್ಲಿ ಅಜ್ಜನ ಲಾರಿ ನಿಂತು ಮೂವತ್ತು ವರ್ಷದ ಮೇಲಾಯಿತು. ಮೂತಿ ಮುಂದೆ ಚಾಚಿದ ಹಳೇ ಮಾದರಿ, ಎದುರಿನ ಗಾಜು ಎರಡು ತುಂಡು, ಕ್ಯಾಬಿನ್ ಮರದ್ದು, ಅದರಲ್ಲಿ ಅರ್ಧ ಒರಲೆಯ ಹೊಟ್ಟೆ ಸೇರಿದೆ. ಅಜ್ಜ ಇದರಲ್ಲಿ ಮೊದಲು ನಾಟಾ ಹೊಡೆಯುತ್ತಿದ್ದರು, ಆಮೇಲೆ ಭದ್ರಾವತಿ ಪೇಪರ್ ಮಿಲ್ಲಿಗೆ ಬಿದಿರು. ಮನೆಯಲ್ಲಿ ಎಲ್ಲರೂ ‘ಬೆಂಜ್’ ಅಂತಲೇ ಕರೆಯುವುದು. ಆದರೆ ಮೂತಿ ಮೇಲೆ ನಕ್ಷತ್ರವೂ ಇಲ್ಲ, ಎಂತದೂ ಇಲ್ಲ, ಸುಮ್ನೆ ನಾಲ್ಕು ತೂತು. ಆರ್‌ಸಿ ಪುಸ್ತಕ ಇಲಿಗೆ ಹೋಯಿತು. ಅಡಿಕೆ ಸುಲಿಯುವ ಮೆಷಿನ್ ಇಡಲು ಜಾಗ ಬೇಕು, ಗುಜರಿಗೆ ಕೊಡೋಣ ಅಂತ ಚಿಕ್ಕಪ್ಪ ಹಟ ಹಿಡಿದಿದ್ದಾರೆ. ನನಗೆ ಮನಸ್ಸಿಲ್ಲ. ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಬಹುದಾ?

ಡಬಲ್ ಕ್ಲಚ್:
ನಕ್ಷತ್ರ ಇದ್ದರೆ ಲೆಕ್ಕ ಸುಲಭ ಇತ್ತು. ಟಾಟಾ ಅವರ ಲಾರಿ ಕಂಪನಿ ಟೆಲ್ಕೋದವರು ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ 1954ರಲ್ಲಿ ಕೈ ಜೋಡಿಸಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡಿದರು, ಒಪ್ಪಂದ ಮುಗಿದದ್ದು 1969ರಲ್ಲಿ. ಆಮೇಲೆ ನಕ್ಷತ್ರ ಹೋಗಿ ಟಾಟಾ ಅವರ ‘ಟಿ’ ಬಂತು. ಲಾರಿ ಮಾತ್ರ ಅದೇ, ಅದಕ್ಕೇ ನಮ್ಮ ಕಡೆ ಎಂಬತ್ತರ ದಶಕದಲ್ಲೂ ಟಾಟಾ ಲಾರಿಗೆ ಬೆಂಜ್ ಅಂತಲೇ ಹೆಸರು.

ನಾನು ಹುಡುಗನಾಗಿದ್ದಾಗ ಎರಡು ವರ್ಷ ಅಂಥದ್ದೇ ಒಂದರಲ್ಲಿ ಕ್ಲೀನರ್ ಆಗಿದ್ದೆ. ಬೆಳಿಗ್ಗೆ ಚಳಿಯಲ್ಲಿ ಹೀಟರ್ ಎಳೆದು ಹಿಡಿದು, ಡ್ಯಾಶ್ ಮೇಲಿನ ಕಾಯಿಲ್ ಕೆಂಪಾಗುವ ತನಕ ಕಾದು, ಆಮೇಲೆ ಸೆಲ್ಫ್ ಹೊಡೆಯಬೇಕು. ಗಡಿಬಿಡಿ ಮಾಡಿದರೆ ಬ್ಯಾಟರಿ ಇಳಿದು ಎಲ್ಲರೂ ಇಳಿದು ತಳ್ಳುವುದೇ. ಗೇರ್ ಇಳಿಸುವಾಗ ಡಬಲ್ ಕ್ಲಚ್, ಅಂದರೆ ಕ್ಲಚ್ ಎರಡು ಸಲ ತುಳಿಯುವುದು, ತಪ್ಪಿದರೆ ಬರುವ ಕಿರ್ರ್ ಸದ್ದು ಎರಡು ಫರ್ಲಾಂಗು ದೂರದ ಮಾಲೀಕರಿಗೂ ಕೇಳುತ್ತಿತ್ತು. ಘಾಟಿ ಹತ್ತುವಾಗ ನಾನು ಸೀಟಲ್ಲಿ ಕೂತದ್ದೇ ಇಲ್ಲ. ಕೈಯಲ್ಲಿ ಮರದ ತುಂಡು ಹಿಡಿದು ಮಡ್‌ಗಾರ್ಡ್ ಮೇಲೆ ನಿಲ್ಲುವುದು, ಗಾಡಿ ನಿಂತ ಕೂಡಲೇ ಹಾರಿ ಹಿಂದಿನ ಚಕ್ರಕ್ಕೆ ಕೊಡುವುದು. ಆಗುಂಬೆಯ ಹದಿನಾಲ್ಕು ತಿರುವಿನಲ್ಲಿ ಆ ಉದ್ದ ಮೂತಿ ಒಂದೇ ಸಲಕ್ಕೆ ತಿರುಗುತ್ತಿರಲಿಲ್ಲ, ಅರ್ಧ ತಿರುಗಿಸಿ ಹಿಂದೆ ಬಂದು ಮತ್ತೆ ತಿರುಗಿಸಬೇಕಿತ್ತು. ಹಿಂದೆ ಬರುವಾಗ ಪಾತಾಳ ನೋಡುವ ಕೆಲಸವೂ ಕ್ಲೀನರಿನದ್ದೇ! ಮೇಲೆ ಬಂದ ಮೇಲೆ ರೇಡಿಯೇಟರ್ ಕುದಿ ಇಳಿಯುವ ತನಕ ಒಂದು ಚಹಾ.

ಆರ್‌ಟಿಒ ಬಲ್ಲವ:
ವಿಂಟೇಜ್ ಆಸೆ ಬಿಡಿ ಮಾರಾಯ್ರೆ. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮ ನೋಡಿ. 50 ವರ್ಷ ದಾಟಿರಬೇಕು ಅನ್ನುವುದು ಸರಿ, ಆದರೆ ಅದು ಬೈಕು ಸ್ಕೂಟರಿಗೆ ಮತ್ತು ಕಾರಿಗೆ ಮಾತ್ರ, ಲಾರಿಗೆ ಇಲ್ಲ. ಚಾಸಿ, ಬಾಡಿ, ಇಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಹೊಸದಾಗಿ ಮಾಡಿಸಲು 20,000 ರೂಪಾಯಿ, ನಂಬರಿನಲ್ಲಿ ‘ವಿಎ’ ಅಂತ ಬರುತ್ತದೆ. ಅಷ್ಟಾದರೂ ದಿನಾ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ ಅಂಥದ್ದಕ್ಕೆ ಮಾತ್ರ. ನಿಮ್ಮ ಅಂಗಳದಲ್ಲಿ ನಿಲ್ಲಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಡ.

ಮುಳುಗಡೆ ಮನೆ:
ಇದು ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲ, ಆದರೂ ಬರೆಯುತ್ತೇನೆ. ಲಿಂಗನಮಕ್ಕಿ ಡ್ಯಾಮಿಗಾಗಿ ಊರು ಬಿಟ್ಟಾಗ ನನ್ನ ಅಮ್ಮನಿಗೆ ಒಂಬತ್ತು ವರ್ಷ. ಮೂತಿ ಲಾರಿ ಬಂದು ಅಂಗಳದಲ್ಲಿ ನಿಂತಿತಂತೆ. ಬಾಗಿಲು, ದಾರಂದ, ತೊಟ್ಟಿಲು, ಕಡೆಗೆ ಒಂದು ಗಬ್ಬದ ದನವನ್ನೂ ಹತ್ತಿಸಿದರು. ನಾಯಿಯನ್ನು ಹತ್ತಿಸಲಿಲ್ಲ. ಅದು ಸುಮಾರು ದೂರ ಹಿಂದೆ ಓಡಿ ಬಂತು ಅಂತ ಅಮ್ಮ ಈಗಲೂ ಹೇಳುತ್ತಾಳೆ. ಅವಳು ಅದಕ್ಕೂ ಮೊದಲು ಲಾರಿ ಹತ್ತಿದವಳೇ ಅಲ್ಲ. ನಿಮ್ಮ ಅಜ್ಜನ ಲಾರಿ ಆ ಕೆಲಸಕ್ಕೂ ಹೋಗಿತ್ತಾ ಅಂತ ಮನೆಯಲ್ಲಿ ಕೇಳಿ ನೋಡಿ.

ಪದ್ಮಿನಿ ಪ್ರಿಯ:
ಲಾರಿ ನನಗೆ ಗೊತ್ತಿಲ್ಲ, ನಮ್ಮದು ಫಿಯೆಟ್ ಸಂಸಾರ. ಒಮ್ಮೆ ಧರ್ಮಸ್ಥಳದ ಕಾರ್ ಮ್ಯೂಸಿಯಂ ನೋಡಿ ಬನ್ನಿ, ಜೊತೆಗೆ ಚಿಕ್ಕಪ್ಪನನ್ನೂ ಕರೆದುಕೊಂಡು ಹೋಗಿ. ಗುಜರಿ ಮಾತು ಅಲ್ಲೇ ನಿಲ್ಲಬಹುದು.

ಹೊಸನಗರದವ:
ಮುಳುಗಡೆ ಬಗ್ಗೆ ಅಜ್ಜಿಯನ್ನು ಕೇಳಿದೆ. ಹೌದಂತೆ, ಹದಿನೈದು ದಿನ ಅದೇ ಕೆಲಸ. ಅದನ್ನು ನಮಗೆ ಯಾರೂ ಹೇಳಿರಲೇ ಇಲ್ಲ. ಆ ದಿನಗಳಲ್ಲಿ ಅಜ್ಜ ಮನೆಗೆ ಬಂದು ಊಟ ಮಾಡದೆ ಮಲಗುತ್ತಿದ್ದರಂತೆ.

ಇನ್ನೊಂದು ವಿಷಯ. ನಿನ್ನೆ ಬಾನೆಟ್ ಪಕ್ಕವನ್ನು ಸೀಮೆಎಣ್ಣೆ ಹಾಕಿ ಉಜ್ಜಿದೆ. ಮೂರು ಪದರ ಬಣ್ಣದ ಅಡಿಯಲ್ಲಿ ಉಬ್ಬು ಅಕ್ಷರ ಸಿಕ್ಕಿತು. ಫಾರ್ಗೋ! ಇಂಜಿನ್ ಮೇಲೆ ಪರ್ಕಿನ್ಸ್ ಅಂತ ಇದೆ. ಹಾಗಾದರೆ ಅರವತ್ತು ವರ್ಷದಿಂದ ನಾವು ಎಂತಕ್ಕೆ ಬೆಂಜ್ ಅಂದದ್ದು?

ಡಬಲ್ ಕ್ಲಚ್:
ಹಳ್ಳಿಯಲ್ಲಿ ಯಾವ ಕಂಪನಿಯ ವನಸ್ಪತಿಗೂ ಡಾಲ್ಡಾ ಅಂದ ಹಾಗೆ ಅದು. ಮೂತಿ ಇದ್ದರೆ ಬೆಂಜ್, ಮುಗಿಯಿತು!

ಫಾರ್ಗೋ ಅಂದರೆ ಅಮೆರಿಕದ ಕ್ರೈಸ್ಲರ್ ಕಂಪನಿ ಹೆಸರು, ಇಲ್ಲಿ ಮಾಡಿದವರು ಮುಂಬೈ ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್. ಮುಂದೆ ಫಿಯೆಟ್, ಪದ್ಮಿನಿ ಮಾಡಿದವರೂ ಅವರೇ. ಪದ್ಮಿನಿ ಪ್ರಿಯರೇ, ನೀವು ಈ ಲಾರಿಗೆ ನೆಂಟರು! ಡಾಡ್ಜ್, ಫಾರ್ಗೋ ಎರಡೂ ಒಂದೇ ಗಾಡಿ, ಹೆಸರು ಬೇರೆ. ಹಳೆಯವು ಪೆಟ್ರೋಲ್. ಆಮೇಲೆ ಪರ್ಕಿನ್ಸ್ ಡೀಸೆಲ್ ಕೂರಿಸಿದರು, ಎಷ್ಟೋ ಜನ ಹೊರಗೆ ಬದಲಾಯಿಸಿಕೊಂಡದ್ದೂ ಉಂಟು. ಚೆನ್ನೈನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಇಂಜಿನ್ ಇಲ್ಲೇ ಮಾಡುತ್ತಿತ್ತು, ಹಾಗಾಗಿ ಪ್ಲೇಟ್ ಮೇಲೆ ಸಿಂಪ್ಸನ್ ಅಂತಲೂ ಇದೆಯಾ ನೋಡಿ.

ಒಂದು ಮಾತು. ಆಸೆಗೆ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯಬೇಡಿ. ಟ್ಯಾಂಕಿನ ಹಳೇ ಡೀಸೆಲ್ ಪೂರ್ತಿ ತೆಗೆಯಿರಿ. ಇಂಜೆಕ್ಟರ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು ವಾರ ಬಿಡಿ. ಆಮೇಲೆ ಹ್ಯಾಂಡಲ್ ಹಾಕಿ ಕೈಯಲ್ಲಿ ಮೆಲ್ಲಗೆ ತಿರುಗಿಸಿ ನೋಡಿ. ತಿರುಗದಿದ್ದರೆ ಬಲ ಹಾಕಬೇಡಿ, ನಾಲ್ಕು ದಿನ ಬಿಟ್ಟು ಮತ್ತೆ ನೋಡಿ. ಬ್ರೇಕಿನ ರಬ್ಬರ್ ಎಲ್ಲ ಹೋಗಿರುತ್ತದೆ, ಅದು ಆಗುವ ತನಕ ಶೆಡ್ಡಿನಿಂದ ಆಚೆ ತರಬೇಡಿ. ಹ್ಯಾಂಡಲ್ ಇದೆಯಾ?

ಹೊಸನಗರದವ:
ಇದೆ. ಚಿಕ್ಕಪ್ಪ ಅದನ್ನು ಇಷ್ಟು ವರ್ಷ ತೆಂಗಿನಕಾಯಿ ಸುಲಿಯಲು ನೆಟ್ಟಿದ್ದರು. ಇವತ್ತು ಅವರೇ ಕಿತ್ತು ತೊಳೆದು ತಂದುಕೊಟ್ಟರು.